ಕಾಸರಗೋಡಿನಿಂದ ದೂರದ ರೈಲು: ಮೊದಲ ಸಲ ಒಬ್ಬರೇ ಹೊರಡುವವರಿಗೆ

ಪಯಸ್ವಿನಿ

ಕಾಸರಗೋಡಿನಿಂದ ದೆಹಲಿಗೆ, ಅಲ್ಲಿಂದ ಜಮ್ಮುವಿಗೆ ಹೋಗಬೇಕು. ಡಿಸೆಂಬರ್ ಕೊನೆಯ ವಾರ, ಸ್ಲೀಪರ್, ಒಬ್ಬಳೇ. ವಯಸ್ಸು 20. ಆ್ಯಪಿನಲ್ಲಿ ನೋಡಿದರೆ ಮಂಗಳಾ ಎಕ್ಸ್‌ಪ್ರೆಸ್‌ಗೆ ಎರ್ನಾಕುಳಂನಿಂದ ಹಾಕಿದಾಗ ಸೀಟು ಉಂಟು, ಅದೇ ದಿನ ಅದೇ ಗಾಡಿಗೆ ಕಾಸರಗೋಡಿನಿಂದ ಹಾಕಿದಾಗ ವೇಟಿಂಗ್ ಲಿಸ್ಟ್. ಇದು ಯಾಕೆ ಹೀಗೆ? ಟಿಕೆಟಿನಿಂದ ಹಿಡಿದು ಬುತ್ತಿ, ಸಾಮಾನು, ಚಳಿ, ಎಲ್ಲದರ ಬಗ್ಗೆ ಗೊತ್ತಿದ್ದವರು ಬಿಡಿಸಿ ಹೇಳಿದರೆ ಉಪಕಾರ.

ಚಂದ್ರಗಿರಿ ಸೇತುವೆ

ತಂಗಿ, ಮೊದಲು ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕಾಸರಗೋಡು ನಡುದಾರಿಯ ಸ್ಟೇಷನ್. ದೂರದ ಗಾಡಿಗಳಲ್ಲಿ ಹೆಚ್ಚಿನವು ಎರ್ನಾಕುಳಂ, ತಿರುವನಂತಪುರ ಅಥವಾ ಮಂಗಳೂರಿನಲ್ಲಿ ಹುಟ್ಟಿ ನಮ್ಮಲ್ಲಿ ಎರಡು ನಿಮಿಷ ನಿಂತು ಹೋಗುತ್ತವೆ. ನಮ್ಮ ಊರಿನವರಿಗೆ ಟಿಕೆಟಿನಲ್ಲಿ, ತಾರೀಕಿನಲ್ಲಿ, ಹತ್ತುವಾಗ ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇದೇ ಕಾರಣದಿಂದ. ಇದು ತಲೆಗೆ ಹೋದರೆ ಉಳಿದದ್ದು ಸುಲಭ.

ಸೀಟುಗಳನ್ನು ರೈಲ್ವೆ ಒಂದೇ ರಾಶಿಯಾಗಿ ಇಡುವುದಿಲ್ಲ, ಸ್ಟೇಷನ್‌ಗಳ ಲೆಕ್ಕದಲ್ಲಿ ಕೋಟಾ ಮಾಡಿ ಹಂಚಿರುತ್ತದೆ. ಗಾಡಿ ಹುಟ್ಟುವ ಸ್ಟೇಷನ್‌ನಿಂದ ಕೊನೆಯ ತನಕದ ಪಾಲೇ ದೊಡ್ಡದು. ಅದು ತುಂಬಿದ ಮೇಲೆ ಬರುವ ವೇಟಿಂಗ್ ಲಿಸ್ಟ್ ಜಿಎನ್‌ಡಬ್ಲ್ಯುಎಲ್. ನಡುವಿನ ಕೆಲವು ಸ್ಟೇಷನ್‌ಗಳಿಗೆ ಸಣ್ಣ ಪಾಲು ಬೇರೆಯೇ ಉಂಟು. ಅದರ ವೇಟಿಂಗ್ ಲಿಸ್ಟ್ ಆರ್‌ಎಲ್‌ಡಬ್ಲ್ಯುಎಲ್. ಹಲವು ಸಣ್ಣ ಸ್ಟೇಷನ್‌ಗಳು ಸೇರಿ ಒಂದೇ ಪಾಲನ್ನು ಹಂಚಿಕೊಂಡರೆ ಪಿಕ್ಯುಡಬ್ಲ್ಯುಎಲ್. ಜಿಎನ್ ಪಟ್ಟಿಯಲ್ಲಿ ಕ್ಯಾನ್ಸಲ್ ಆಗುವವರ ಸಂಖ್ಯೆ ದೊಡ್ಡದಾದ್ದರಿಂದ ಅದು ಬೇಗ ಇಳಿಯುತ್ತದೆ. ಉಳಿದ ಎರಡರಲ್ಲಿ ಪಾಲೇ ಸಣ್ಣದು, ಅದರೊಳಗೆ ಯಾರಾದರೂ ಬಿಟ್ಟರೆ ಮಾತ್ರ ಮುಂದಿನವರಿಗೆ. ಹಾಗಾಗಿ ಜಿಎನ್ 30ಕ್ಕಿಂತ ಆರ್‌ಎಲ್ 10 ಕಷ್ಟದ್ದಾಗಿರುವುದೂ ಉಂಟು.

ದಾರಿ ಇದು: ಟಿಕೆಟನ್ನು ಎರ್ನಾಕುಳಂ–ನಿಜಾಮುದ್ದೀನ್ (ಮಂಗಳಾ ನಿಲ್ಲುವ ದೆಹಲಿಯ ಸ್ಟೇಷನ್) ಎಂದು ಮಾಡಿ, ಬುಕ್ ಮಾಡುವಾಗಲೇ ‘ಬೋರ್ಡಿಂಗ್ ಸ್ಟೇಷನ್’ ಎಂಬಲ್ಲಿ ಕಾಸರಗೋಡು ಆರಿಸಿ. ಸಂಪೂರ್ಣ ಕಾನೂನುಬದ್ಧ. ದೂರದ ಟಿಕೆಟಿನಲ್ಲಿ ಕಿಲೋಮೀಟರ್ ಹೆಚ್ಚಿದಂತೆ ಪ್ರತಿ ಕಿಲೋಮೀಟರಿನ ದರ ಇಳಿಯುವುದರಿಂದ ಹೆಚ್ಚುವರಿ ಹಣವೂ ಅಷ್ಟೇನೂ ಆಗುವುದಿಲ್ಲ. ಮೊದಲು ಕಣ್ಣೂರು, ಕೋಯಿಕ್ಕೋಡು, ಶೋರನೂರು ಎಂದು ಹಿಂದಕ್ಕೆ ಒಂದೊಂದೇ ಸ್ಟೇಷನ್ ಹಾಕಿ ನೋಡಿ. ಎಲ್ಲಿ ಸೀಟು ತೋರಿಸುತ್ತದೋ ಅಲ್ಲಿಂದ ತೆಗೆದರೆ ಸಾಕು.

ಉಪ್ಪಳ ಗೇಟ್

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಕೆ. ಎರ್ನಾಕುಳಂನಿಂದ ಟಿಕೆಟ್ ತೆಗೆದು ಬೋರ್ಡಿಂಗ್ ಬದಲಿಸದೆ ಸುಮ್ಮನೆ ಕಾಸರಗೋಡಿನಲ್ಲಿ ಹತ್ತುವವರು ಇದ್ದಾರೆ. ಹಾಗೆ ಮಾಡಬೇಡಿ. ಟಿಕೆಟ್ ನೋಡುವ ಟಿಟಿಇ ಕೈಯ ಯಂತ್ರದಲ್ಲಿ ‘ಬಂದಿಲ್ಲ’ ಎಂದು ಒತ್ತಿದ ಮೇಲೆ ಆ ಬರ್ತ್ ಆರ್‌ಎಸಿಯವರಿಗೆ, ಎಂದರೆ ಒಂದು ಬರ್ತನ್ನು ಇಬ್ಬರು ಹಂಚಿಕೊಂಡು ಕೂತವರಿಗೆ, ಹೋಗುತ್ತದೆ. ಕಾಸರಗೋಡು ಬರುವಾಗ ಎರ್ನಾಕುಳಂ ಬಿಟ್ಟು ಆರೇಳು ಗಂಟೆ ಕಳೆದಿರುತ್ತದೆ, ವಾದಿಸಿ ಪ್ರಯೋಜನವಿಲ್ಲ. ಮರೆತಿದ್ದರೆ ಚಾರ್ಟ್ (ಯಾರಿಗೆ ಯಾವ ಬರ್ತ್ ಎಂಬ ಕೊನೆಯ ಪಟ್ಟಿ) ಆಗುವ ಮುಂಚೆ ಆ್ಯಪಿನಲ್ಲೇ ಬದಲಿಸಬಹುದು. ಒಮ್ಮೆ ಕಾಸರಗೋಡು ಎಂದು ಮಾಡಿದ ಮೇಲೆ ಹಿಂದಿನ ಸ್ಟೇಷನ್‌ನಿಂದ ಹತ್ತುವ ಹಕ್ಕು ಹೋಯಿತು, ಅದೂ ನೆನಪಿರಲಿ.

ಮತ್ತೆ ಚಾರ್ಟ್. ಮೊದಲು ಗಾಡಿ ಹೊರಡುವ 4 ಗಂಟೆ ಮುಂಚೆ ಆಗುತ್ತಿತ್ತು. 2025ರಿಂದ ಕನಿಷ್ಠ 8 ಗಂಟೆ ಮುಂಚೆ. ಈ ಲೆಕ್ಕ ಗಾಡಿ ಹುಟ್ಟುವ ಸ್ಟೇಷನ್ನಿನದ್ದು, ಕಾಸರಗೋಡಿನದ್ದಲ್ಲ. ಮಂಗಳಾ ಇಲ್ಲಿಗೆ ರಾತ್ರಿ 8ರ ಆಸುಪಾಸಿಗೆ ಬರುವುದಾದರೂ ಎರ್ನಾಕುಳಂ ಬಿಡುವುದು ಮಧ್ಯಾಹ್ನ. ಹಾಗಾಗಿ ಚಾರ್ಟ್ ಹಿಂದಿನ ರಾತ್ರಿಯೇ ಆಗಿರುತ್ತದೆ. ಹೊರಡುವ ದಿನ ಬೆಳಿಗ್ಗೆ ಎದ್ದು ‘ಇನ್ನೂ ಕನ್ಫರ್ಮ್ ಆದೀತು’ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಆನ್‌ಲೈನ್ ಟಿಕೆಟ್ ಪೂರ್ತಿ ವೇಟಿಂಗಿನಲ್ಲೇ ಉಳಿದರೆ ಅದು ತಾನಾಗಿ ರದ್ದಾಗಿ ಹಣ ವಾಪಸ್ ಬರುತ್ತದೆ. ಕೌಂಟರ್ ಟಿಕೆಟ್ ವೇಟಿಂಗಿನಲ್ಲಿ ಉಳಿದರೆ ಅದನ್ನು ಹಿಡಿದು ಸ್ಲೀಪರ್ ಬೋಗಿ ಹತ್ತುವಂತಿಲ್ಲ.

ಪೆರಿಯ ಕ್ಯಾಂಪಸ್

ಬುಕಿಂಗ್ ತಾರೀಕಿನ ಲೆಕ್ಕವನ್ನು ಇಲ್ಲೇ ಬರೆಯುತ್ತೇನೆ, ಹೊಸಬರು ಎಡವುವುದು ಇಲ್ಲೇ.

2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ, ಮೊದಲು 120 ಇತ್ತು. ಪ್ರಯಾಣದ ದಿನ ಅದರಲ್ಲಿ ಸೇರಿಲ್ಲ. ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಡಿಸೆಂಬರ್ ಕೊನೆಯ ವಾರಕ್ಕೆ ಬೇಕಾದರೆ ಅಕ್ಟೋಬರ್ ಕೊನೆಯ ವಾರ ಕೂತು ತೆಗೆಯಬೇಕು. ಕ್ರಿಸ್‌ಮಸ್ ರಜೆ ಆದ್ದರಿಂದ ಆ ದಿನವೇ ಮುಗಿಯುತ್ತದೆ ಎಂದೇ ತಿಳಿಯಿರಿ.

ಆಧಾರ್ ಜೋಡಿಸದ ಐಆರ್‌ಸಿಟಿಸಿ (ರೈಲು ಟಿಕೆಟಿನ ಆನ್‌ಲೈನ್ ತಾಣ) ಖಾತೆ ಈಗ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್ (ಕೊನೆ ಗಳಿಗೆಯ ಟಿಕೆಟ್) ಆಧಾರ್ ದೃಢೀಕರಿಸಿದವರಿಗೆ ಮಾತ್ರ, ಅದೂ ಓಟಿಪಿ ಹಾಕಿದ ಮೇಲೆ. ಸಾಮಾನ್ಯ ಬುಕಿಂಗಿಗೂ ತೆರೆದ ಮೊದಲ ಹೊತ್ತು ಹಾಗೆಯೇ. 2025ರ ಅಕ್ಟೋಬರಿನಲ್ಲಿ ಅದು 15 ನಿಮಿಷದಿಂದ ಶುರುವಾಯಿತು. ಆಧಾರಿಗೆ ಜೋಡಿಸಿದ ಸಿಮ್ ಮನೆಯಲ್ಲಿ ಅಪ್ಪನ ಫೋನಿನಲ್ಲಿ ಇದ್ದರೆ ಓಟಿಪಿ ಅಲ್ಲಿಗೇ ಹೋಗುತ್ತದೆ. ಬುಕಿಂಗಿನ ವಾರ ಮುಂಚೆಯೇ ಸರಿಮಾಡಿಕೊಳ್ಳಿ.

ತತ್ಕಾಲ್ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ, ಒಂದು ದಿನ ಮುಂಚೆ. ಆ ‘ಒಂದು ದಿನ’ವನ್ನೂ ಎಣಿಸುವುದು ಗಾಡಿ ಹುಟ್ಟುವ ಸ್ಟೇಷನ್ ಬಿಡುವ ತಾರೀಕಿನಿಂದ. ಉದಾಹರಣೆಗೆ ಚೆನ್ನೈಗೆ ಹೋಗುವ ವೆಸ್ಟ್ ಕೋಸ್ಟ್. ಅದು ನಡುರಾತ್ರಿಗೆ ತುಸು ಮುಂಚೆ ಮಂಗಳೂರು ಸೆಂಟ್ರಲ್ ಬಿಡುತ್ತದೆ, ಕಾಸರಗೋಡಿಗೆ ಬರುವಾಗ ತಾರೀಕು ಬದಲಾಗಿರುತ್ತದೆ. ಮಂಗಳೂರಿನಿಂದ 10ನೇ ತಾರೀಕು ಹೊರಟ ಗಾಡಿಗೆ ಕಾಸರಗೋಡಿನಲ್ಲಿ ನೀವು ಹತ್ತುವುದು 11ನೇ ತಾರೀಕು. ಟಿಕೆಟಿನಲ್ಲೂ 11 ಎಂದೇ ಇರುತ್ತದೆ. ಆದರೆ ತತ್ಕಾಲ್ ತೆರೆಯುವುದು 9ನೇ ತಾರೀಕಿಗೆ. 10ರಂದು ಕೂತರೆ ಎಲ್ಲ ಮುಗಿದಿರುತ್ತದೆ. ಇದೇ ಗಾಡಿಗೆ 11ರ ಟಿಕೆಟ್ ಹಿಡಿದು 11ರ ರಾತ್ರಿ ಸ್ಟೇಷನ್‌ಗೆ ಬಂದರೆ ಗಾಡಿ ಹೋಗಿ ಸುಮಾರು 24 ಗಂಟೆ ಆಗಿರುತ್ತದೆ. 10ರ ರಾತ್ರಿಯೂಟ ಮುಗಿಸಿ ಸ್ಟೇಷನ್‌ಗೆ ಹೊರಡಬೇಕು.

ತತ್ಕಾಲಿನ ಹೆಚ್ಚುವರಿ ಹಣ ಸ್ಲೀಪರಿಗೆ ಮೂಲದರದ 30%, ಕನಿಷ್ಠ 100, ಹೆಚ್ಚೆಂದರೆ 200 ರೂಪಾಯಿ. ಥರ್ಡ್ ಎಸಿಗೂ 30%, ಅದು 300ರಿಂದ 400. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ಕ್ಯಾನ್ಸಲ್ ಮಾಡಿದರೆ ಒಂದು ಪೈಸೆಯೂ ಬರುವುದಿಲ್ಲ. ತತ್ಕಾಲ್ ವೇಟಿಂಗ್ ತೆಗೆಯುವುದಂತೂ ಬೇಡ. ಬರ್ತ್ ಖಾಲಿಯಾದರೆ ಸಾಮಾನ್ಯ ಪಟ್ಟಿಯವರಿಗೇ ಮೊದಲು ಸಿಗುತ್ತದೆ.

ವಿದ್ಯಾರ್ಥಿ ರಿಯಾಯಿತಿ ಬಗ್ಗೆ ಇಲ್ಲಿ ಆಗಾಗ ಕೇಳುತ್ತಾರೆ. ಕಾಲೇಜಿನಿಂದ ಸ್ವಂತ ಊರಿಗೆ ಹೋಗಿ ಬರಲು, ಶೈಕ್ಷಣಿಕ ಪ್ರವಾಸಕ್ಕೆ ಸೆಕೆಂಡ್ ಮತ್ತು ಸ್ಲೀಪರಿನಲ್ಲಿ 50%, ಎಸ್‌ಸಿ/ಎಸ್‌ಟಿ ವಿದ್ಯಾರ್ಥಿಗಳಿಗೆ 75%. ಕಾಲೇಜು ತುಂಬಿಸಿ ಸಹಿ ಮಾಡಿದ ಫಾರಂ ಕೊಟ್ಟು ಕೌಂಟರಿನಲ್ಲೇ ತೆಗೆಯಬೇಕು, ಆನ್‌ಲೈನಿನಲ್ಲಿ ಇಲ್ಲ. ಸ್ವಂತ ತಿರುಗಾಟಕ್ಕೆ ಸಿಗುವುದಿಲ್ಲ.

ಪಯಸ್ವಿನಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ ಅಣ್ಣ. ಮಂಗಳೂರಿಗೆ ಹೋಗಿ ಹತ್ತುವುದು ಒಳ್ಳೆಯದಾ? ಅಲ್ಲಿ ಗಾಡಿ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ.

ಕುಂಬಳೆ ಸೀಮೆ

ಬೇಡ. ಕಾರಣ ಎರಡು. ಮೊದಲನೆಯದು, ಕೇರಳದಿಂದ ಕೊಂಕಣದ ಕಡೆಗೆ ಹೋಗುವ ಗಾಡಿಗಳು ಸೆಂಟ್ರಲ್‌ಗೆ ಬರುವುದಿಲ್ಲ, ಜಂಕ್ಷನ್ ಮೂಲಕ ಹೋಗುತ್ತವೆ. ಹಿರಿಯರು ಕಂಕನಾಡಿ ಸ್ಟೇಷನ್ ಎನ್ನುವುದು ಅದಕ್ಕೇ. ಕಾಸರಗೋಡು, ಕುಂಬಳೆಯಿಂದ ಹೋಗುವ ಪ್ಯಾಸೆಂಜರ್ ಗಾಡಿ ಇಳಿಸುವುದು ಸೆಂಟ್ರಲ್‌ನಲ್ಲಿ. ಎರಡೂ ಬೇರೆ ಬೇರೆ ಕಡೆ, ನಡುವೆ ಆಟೋ ಹಿಡಿಯಬೇಕು, ಸಂಜೆ ಹೊತ್ತಿನ ಟ್ರಾಫಿಕ್ ಬೇರೆ. ಎರಡನೆಯದು, ದೊಡ್ಡ ಬ್ಯಾಗು ಹಿಡಿದು ಎರಡು ಕಡೆ ಇಳಿದು ಹತ್ತುವುದಕ್ಕಿಂತ ಇಲ್ಲೇ ಸರಿಯಾದ ಜಾಗದಲ್ಲಿ ನಿಂತು ಹತ್ತುವುದು ಸುಲಭ.

ಎರಡು ನಿಮಿಷದಲ್ಲಿ ಹತ್ತುವುದು ಹೇಗೆ ಎಂದು ಹೇಳುತ್ತೇನೆ. ಈಗಿನ ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿ ಒಂದು ಸುಮಾರು 24 ಮೀಟರ್. 20–22 ಬೋಗಿಯ ಗಾಡಿ ಎಂದರೆ ಅರ್ಧ ಕಿಲೋಮೀಟರ್. ಒಂದು ತುದಿಯಿಂದ ಇನ್ನೊಂದು ತುದಿಗೆ ಬ್ಯಾಗು ಹೊತ್ತು ನಡೆಯಲು ಆರೇಳು ನಿಮಿಷ ಬೇಕು. ಗಾಡಿ ಬಂದ ಮೇಲೆ ಓಡಿದರೆ ತಲುಪುವುದಿಲ್ಲ. ಅರ್ಧ ಗಂಟೆ ಮುಂಚೆ ಬಂದು ಆ್ಯಪಿನಲ್ಲಿ ಕೋಚ್ ಪೊಸಿಷನ್ ನೋಡಿ, ಎಂಜಿನ್‌ನಿಂದ ಎಷ್ಟನೇ ಬೋಗಿ ಎಂದು ಎಣಿಸಿಕೊಳ್ಳಿ. ಪ್ಲಾಟ್‌ಫಾರ್ಮಿನ ಕೋಚ್ ಬೋರ್ಡ್ ಉರಿಯದಿದ್ದರೆ ಟೀ ಅಂಗಡಿಯವರನ್ನು ಕೇಳಿ, ಅವರಿಗೆ ದಿನಾ ಬರುವ ಗಾಡಿಯ ಎಸ್1 ಎಲ್ಲಿ ನಿಲ್ಲುತ್ತದೆ ಎಂದು ಸರಿಯಾಗಿ ಗೊತ್ತಿರುತ್ತದೆ. ಎಸ್ ಎಂದರೆ ಸ್ಲೀಪರ್, ಬಿ ಥರ್ಡ್ ಎಸಿ, ಎಂ ಥರ್ಡ್ ಎಸಿ ಎಕಾನಮಿ, ಎ ಸೆಕೆಂಡ್ ಎಸಿ, ಎಚ್ ಫಸ್ಟ್ ಎಸಿ.

ಜಾಗ ತಪ್ಪಿದರೆ ಹತ್ತಿರದ ಸ್ಲೀಪರ್ ಬೋಗಿಗೆ ಹತ್ತಿ ಒಳಗಿಂದ ನಡೆಯಿರಿ. ಜನರಲ್ ಬೋಗಿ ಹತ್ತಬೇಡಿ. ಹಲವು ಗಾಡಿಗಳಲ್ಲಿ ಅಲ್ಲಿಂದ ಸ್ಲೀಪರಿಗೆ ದಾರಿ ಇರುವುದಿಲ್ಲ, ಇದ್ದರೂ ಜನ ತುಂಬಿ ಒಂದು ಹೆಜ್ಜೆ ಇಡಲಾಗದು. ಚಲಿಸುವ ಗಾಡಿಗೆ ಹತ್ತುವ ಸಾಹಸ ಮಾತ್ರ ಖಂಡಿತ ಬೇಡ, ಗಾಡಿ ಹೋದರೆ ಹೋಗಲಿ.

ಬೆಂಗಳೂರು–ಕಣ್ಣೂರು ಗಾಡಿಗೆ ಒಂದು ವಿಶೇಷ ಉಂಟು. ಅದು ಮಂಗಳೂರು ಸೆಂಟ್ರಲ್‌ಗೆ ಹೋಗಿ ಎಂಜಿನ್ ಬದಲಿಸಿ ತಿರುಗಿ ಬರುತ್ತದೆ. ಬೆಂಗಳೂರಿನಲ್ಲಿ ಮುಂದಿದ್ದ ಬೋಗಿ ಕಾಸರಗೋಡಿನಲ್ಲಿ ಹಿಂದಿರುತ್ತದೆ.

ಬೇಕಲದ ಗಾಳಿ

ಬರ್ತ್ ಆಯ್ಕೆಗೆ ಲೆಕ್ಕ: ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಎಂಟೆಂಟು ಬರ್ತಿನ ಒಂದೊಂದು ಕಂಪಾರ್ಟ್‌ಮೆಂಟ್. ನಂಬರನ್ನು 8ರಿಂದ ಭಾಗಿಸಿ ಉಳಿದದ್ದು 1 ಅಥವಾ 4 ಆದರೆ ಲೋವರ್, 2 ಅಥವಾ 5 ಮಿಡ್ಲ್, 3 ಅಥವಾ 6 ಅಪ್ಪರ್, 7 ಸೈಡ್ ಲೋವರ್, ಏನೂ ಉಳಿಯದಿದ್ದರೆ ಸೈಡ್ ಅಪ್ಪರ್. ಹೊಸ ಎಲ್‌ಎಚ್‌ಬಿ ಸ್ಲೀಪರಿನಲ್ಲಿ 80 ಬರ್ತ್, ಹಳೆಯ ನೀಲಿ ಐಸಿಎಫ್‌ನಲ್ಲಿ 72. ಎರಡೂ ತುದಿಯಲ್ಲಿ ಟಾಯ್ಲೆಟ್, ಬಾಗಿಲಿನ ಸದ್ದು, ಎರಡನೇ ದಿನದ ವಾಸನೆ. 25ರಿಂದ 56ರ ಒಳಗೆ ಸಿಕ್ಕರೆ ಒಳ್ಳೆಯದು.

ಎರಡು ರಾತ್ರಿಯ ದಾರಿಗೆ ನನ್ನ ಮತ ಅಪ್ಪರ್ ಬರ್ತಿಗೆ. ಹಗಲಿನಲ್ಲೂ ಕಾಲು ಚಾಚಬಹುದು, ಯಾರೂ ‘ಸ್ವಲ್ಪ ಜರಗಿ’ ಎನ್ನುವುದಿಲ್ಲ, ಬ್ಯಾಗು ತಲೆಯ ಹತ್ತಿರ ಇರುತ್ತದೆ. ಲೋವರ್ ಎಂದರೆ ಹಗಲಿಡೀ ಬೆಂಚು. ಭೂಸಾವಲ್ ದಾಟಿದ ಮೇಲೆ ಹಗಲು ಹೊತ್ತು ಹತ್ತಿರದ ಊರಿನವರು ಸ್ಲೀಪರಿಗೆ ಹತ್ತಿ ಕೂರುವುದು ಸಾಮಾನ್ಯ. ಮಲಗುವ ಹೊತ್ತು ರಾತ್ರಿ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ಮಿಡ್ಲ್ ಬರ್ತಿನವರು ಬರ್ತ್ ಎತ್ತಿ ಕಟ್ಟುವುದನ್ನು ಯಾರೂ ತಡೆಯುವಂತಿಲ್ಲ. ಆ ಹೊತ್ತಲ್ಲದಿದ್ದರೆ ಕೆಳಗಿನವರು ಕೂರಲು ಅದನ್ನು ಇಳಿಸಿಕೊಡಬೇಕು.

ಆರ್‌ಎಸಿ ಬಂದರೆ ಗಾಬರಿ ಬೇಡ. ಸೈಡ್ ಲೋವರನ್ನು ಇಬ್ಬರು ಹಂಚಿಕೊಂಡು ಕೂರುವುದು. ಪ್ರಯಾಣ ಖಚಿತ. ಬಾರದವರ ಬರ್ತ್ ಮೊದಲು ಸಿಗುವುದೂ ನಿಮಗೇ.

ಮಧೂರು ಅಕ್ಕ

ಒಬ್ಬಳೇ ಹೋಗುವ ಹುಡುಗಿ ಎಂದು ಬರೆದಿದ್ದೀರಿ, ಅದಕ್ಕೆ ಬೇಕಾದ್ದು ಯಾರೂ ಹೇಳಲಿಲ್ಲ.

ಬುಕ್ ಮಾಡುವಾಗ ಕೋಟಾ ಎಂಬಲ್ಲಿ ‘ಲೇಡೀಸ್’ ಹಾಕಿ ನೋಡಿ. ದೂರದ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳ ಸ್ಲೀಪರಿನಲ್ಲಿ ಯಾವ ವಯಸ್ಸಿನ ಹೆಂಗಸರಿಗಾದರೂ 6 ಬರ್ತ್ ಮೀಸಲು ಉಂಟು. ಜನರಲ್ ಕೋಟಾ ಮುಗಿದ ಮೇಲೂ ಅಲ್ಲಿ ಉಳಿದಿರುವುದು ಉಂಟು. ಹೆಚ್ಚಾಗಿ ಒಂದೇ ಕಡೆ ಕೊಡುವುದರಿಂದ ಸುತ್ತಮುತ್ತ ಹೆಂಗಸರೇ ಇರುತ್ತಾರೆ.

ಗಾಡಿಯಲ್ಲಿ ತೊಂದರೆ ಆದರೆ 139. ಭದ್ರತೆ, ವೈದ್ಯರು, ನೀರಿಲ್ಲದ ಟಾಯ್ಲೆಟ್, ಎಲ್ಲಕ್ಕೂ ಅದೇ ನಂಬರ್. ಮಾತಾಡಲು ಆಗದ ಸಂದರ್ಭದಲ್ಲಿ ರೈಲ್ ಮದದ್ ಆ್ಯಪಿನಲ್ಲಿ ಪಿಎನ್‌ಆರ್ (ಟಿಕೆಟಿನ ನಂಬರ್) ಹಾಕಿ ಬರೆಯಿರಿ. ಬೋಗಿ ನಂಬರ್, ಬರ್ತ್ ನಂಬರ್, ದಾಟಿದ ಸ್ಟೇಷನ್, ಈ ಮೂರನ್ನು ಮೊದಲ ಸಾಲಲ್ಲೇ ಬರೆದರೆ ಮುಂದಿನ ಸ್ಟೇಷನ್‌ನಲ್ಲಿ ರೈಲ್ವೆ ರಕ್ಷಣಾ ಪಡೆಯವರು (ಆರ್‌ಪಿಎಫ್) ನೇರ ಬರುತ್ತಾರೆ. ಕೊಂಕಣ ದಾರಿಯ ಸುರಂಗಗಳಲ್ಲಿ ಸಿಗ್ನಲ್ ಸಿಗುವುದಿಲ್ಲ. ರತ್ನಗಿರಿಯ ದಕ್ಷಿಣಕ್ಕಿರುವುದು ಹೇಗೂ ಇರಲಿ, ಅದರ ಉತ್ತರಕ್ಕೆ ಕರಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ, ಫೋನ್ ತಾಗದಿದ್ದರೆ ಹೆದರುವುದು ಬೇಡ.

ನಿಮ್ಮ ಬರ್ತ್ ನಂಬರ್, ಇಳಿಯುವ ಸ್ಟೇಷನ್ ಎಲ್ಲರಿಗೂ ಹೇಳುವ ಅಗತ್ಯ ಇಲ್ಲ. ಮಾತು ಬೆಳೆಸುವವರಿಗೆ ‘ಅಣ್ಣ ಎಸ್4ರಲ್ಲಿ ಇದ್ದಾನೆ’ ಎಂದರೆ ಸಾಕು. ಪರಿಚಯ ಇಲ್ಲದವರು ಕೊಟ್ಟ ತಿಂಡಿ ಬೇಡ. ಟಾಯ್ಲೆಟಿಗೆ ಹೋಗುವಾಗ ಫೋನ್, ದುಡ್ಡು, ಆಧಾರ್ ಇರುವ ಸಣ್ಣ ಚೀಲ ಕುತ್ತಿಗೆಯಲ್ಲೇ ಇರಲಿ. ಬೆಳಿಗ್ಗೆ ಐದೂವರೆಯೊಳಗೆ ಟಾಯ್ಲೆಟ್ ಮುಗಿಸಿದರೆ ಸ್ವಚ್ಛ, ನೀರೂ ಇರುತ್ತದೆ.

ಗುರುತಿಗೆ ಅಸಲು ಕಾರ್ಡ್ ಬೇಕು, ಅಥವಾ ಡಿಜಿಲಾಕರಿನಲ್ಲಿ ಇರುವ ಆಧಾರ್. ಝೆರಾಕ್ಸ್ ನಡೆಯುವುದಿಲ್ಲ.

ಉಪ್ಪಳ ಗೇಟ್

ಸಾಮಾನಿಗೆ: ಸ್ಲೀಪರಿನಲ್ಲಿ 40 ಕೆ.ಜಿ. ಉಚಿತ, ಆದರೆ ಒಬ್ಬರು ಎತ್ತಿಕೊಂಡು ಮೆಟ್ಟಿಲು ಹತ್ತುವಷ್ಟೇ ಇರಲಿ, 12 ಕೆ.ಜಿ. ಮೀರದಿದ್ದರೆ ಸುಖ. ಲೋವರ್ ಬರ್ತಿನ ಅಡಿಯಲ್ಲಿ ಸರಪಳಿ ಸಿಕ್ಕಿಸಲು ಕೊಂಡಿ ಇರುತ್ತದೆ. ಒಂದು ಮೀಟರ್ ಸರಪಳಿ, ಬೀಗ ಮನೆಯಿಂದಲೇ ತನ್ನಿ. ಬ್ಯಾಗಿನ ಹಿಡಿಕೆಗೆ ಮಾತ್ರ ಸುತ್ತಿದರೆ ಹಿಡಿಕೆ ಕತ್ತರಿಸಿ ಒಯ್ಯುತ್ತಾರೆ, ಜಿಪ್ಪಿನ ಎರಡು ಕೊಂಡಿಗಳ ಮೂಲಕವೂ ಹಾಯಿಸಿ. ಕಿಟಕಿ ಬದಿ ಕೂತಾಗ ಸ್ಟೇಷನ್ ಬಿಡುವ ಹೊತ್ತಿನಲ್ಲಿ ಫೋನ್ ಕೈಯಲ್ಲಿ ಹೊರಗೆ ಚಾಚಬಾರದು. ಗಾಡಿ ನಿಧಾನಕ್ಕೆ ಹೊರಡುವ ಆ ಅರ್ಧ ನಿಮಿಷದಲ್ಲೇ ಕಸಿದುಕೊಂಡು ಓಡುವುದು.

ಕೆಲವು ಗಾಡಿಗಳಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರ ತನಕ ಚಾರ್ಜಿಂಗ್ ಪಾಯಿಂಟ್ ಬಂದ್. ಸಂಜೆಯೇ ತುಂಬಿಸಿಡಿ.

ಕುಂಬಳೆ ಸೀಮೆ

ಬುತ್ತಿಯ ವಿಷಯ ನನಗೆ ಬಿಡಿ. ಕರಾವಳಿಯ ಅಡುಗೆ ಎಂದರೆ ತೆಂಗಿನಕಾಯಿ, ದೂರದ ರೈಲಿಗೆ ಮೊದಲು ಬಿಡಬೇಕಾದ್ದೂ ಅದೇ. ಕಾಯಿ ಹಾಕಿದ ಪಲ್ಯ, ಚಟ್ನಿ, ಸುಕ್ಕ, ಯಾವುದೂ ಗಾಡಿಯ ಸೆಕೆಗೆ ಆರು ಗಂಟೆಯ ಮೇಲೆ ತಡೆಯುವುದಿಲ್ಲ. ನೀರುದೋಸೆ ತಣಿದರೆ ಅಂಟಿ ಮುದ್ದೆಯಾಗುತ್ತದೆ.

ಮೊದಲ ರಾತ್ರಿ: ಮೂಡೆ ಅಥವಾ ಕೊಟ್ಟಿಗೆ. ಎಲೆಯೊಳಗೇ ಬೆಂದದ್ದರಿಂದ ಮರುದಿನ ಬೆಳಿಗ್ಗೆಯ ತನಕವೂ ಹಾಳಾಗದು, ಎಲೆ ಬಿಡಿಸದೆ ಹಾಗೆಯೇ ಕಟ್ಟಬೇಕು. ಜೊತೆಗೆ ಉಪ್ಪಿನಕಾಯಿ, ಚಟ್ನಿಪುಡಿ ಇದ್ದರೆ ಸಾಕು. ಮರುದಿನ ಬೆಳಿಗ್ಗೆ, ಮಧ್ಯಾಹ್ನಕ್ಕೆ ಚಪಾತಿ. ಬಿಸಿನೀರು, ಎರಡು ಚಮಚ ಎಣ್ಣೆ ಹಾಕಿ ನಾದಿದ ಹಿಟ್ಟಾದರೆ 24 ಗಂಟೆ ಮೆತ್ತಗಿರುತ್ತದೆ. ಬೇಯಿಸಿದ ಮೇಲೆ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ, ಆಮೇಲೆ ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ ಮೇಲೆ ಕಾಗದ. ಬಿಸಿಯಿರುವಾಗಲೇ ಡಬ್ಬಿಗೆ ಹಾಕಿದರೆ ಆವಿ ನೀರಾಗಿ ಇಳಿದು ಸಂಜೆಗೇ ಹಳಸುತ್ತದೆ. ಹಾಳಾಗುವುದಕ್ಕೆ ಮುಖ್ಯ ಕಾರಣ ಈ ನೀರೇ. ಅನ್ನ ಬೇಕೆಂದರೆ ಹುಣಸೆಹುಳಿಯ ಗೊಜ್ಜು ಗಟ್ಟಿಯಾಗಿ ಕುದಿಸಿ, ಎಣ್ಣೆ ಧಾರಾಳ ಹಾಕಿ, ಉದುರುದುರು ಅನ್ನಕ್ಕೆ ಕಲಸಿ. ಮೊಸರನ್ನ ಕಾಸರಗೋಡಿನ ಹವೆಗೆ ಬೆಳಗಾಗುವಾಗ ಹುಳಿ ಬಂದಿರುತ್ತದೆ, ಬೇಡ.

ಎರಡನೇ ರಾತ್ರಿಯ ನಂತರಕ್ಕೆ ಒಣ ತಿಂಡಿ. ಹುರಿದ ತೆಳು ಅವಲಕ್ಕಿ 250 ಗ್ರಾಂ, ಶೇಂಗಾ 100 ಗ್ರಾಂ, ಪುಟಾಣಿ 50 ಗ್ರಾಂ, ಒಗ್ಗರಣೆಗೆ ಕರಿಬೇವು, ಇಂಗು. ಕರಿಬೇವು ಗರಿಗರಿ ಹುರಿಯದಿದ್ದರೆ ಅದರ ಪಸೆಗೆ ಅವಲಕ್ಕಿ ಮೆತ್ತಗಾಗುತ್ತದೆ. ನೇಂದ್ರ ಬಾಳೆ ಆರು, ಅದರಲ್ಲಿ ಮೂರು ಹಣ್ಣು, ಮೂರು ದೋರೆ. ಎರಡನೇ ದಿನಕ್ಕೆ ಉಳಿದ ಮೂರು ಹದಕ್ಕೆ ಬರುತ್ತವೆ. ಹಲಸಿನ ಹಪ್ಪಳ, ಚಿಪ್ಸ್ ಎಷ್ಟು ಬೇಕಾದರೂ, ಆದರೆ ಉಪ್ಪಿನದ್ದು ಹೆಚ್ಚಾದರೆ ಬಾಯಾರಿಕೆ.

ನೀರು ದಿನಕ್ಕೆ ಎರಡೂವರೆ, ಮೂರು ಲೀಟರ್ ಲೆಕ್ಕ ಹಾಕಿ. ರೈಲ್ ನೀರ್ 1 ಲೀಟರಿಗೆ 14 ರೂಪಾಯಿ, 2025ರ ಸೆಪ್ಟೆಂಬರಿನಲ್ಲಿ 15ರಿಂದ ಇಳಿಸಿದ್ದು. 20 ಕೇಳಿದರೆ ಬಿಲ್ ಕೇಳಿ. ಬಿಲ್ ಕೊಡದಿದ್ದರೆ ಹಣ ಕೊಡಬೇಕಾಗಿಲ್ಲ ಎಂಬುದು ರೈಲ್ವೆಯದೇ ನಿಯಮ. ಬಿಸಿಯೂಟ ಬೇಕಾದರೆ ಐಆರ್‌ಸಿಟಿಸಿಯ ಇ-ಕೇಟರಿಂಗ್‌ನಲ್ಲಿ ಪಿಎನ್‌ಆರ್ ಹಾಕಿ ಮುಂದಿನ ದೊಡ್ಡ ಸ್ಟೇಷನ್‌ಗೆ ಆರ್ಡರ್ ಮಾಡಬಹುದು. ಹೆಚ್ಚು ಹೊತ್ತು ನಿಲ್ಲುವ ಸ್ಟೇಷನ್‌ಗಳನ್ನೇ ಆರಿಸಿ. ಎರಡು ನಿಮಿಷ ನಿಲ್ಲುವಲ್ಲಿ ತರುವವರಿಗೆ ನಿಮ್ಮ ಬೋಗಿ ಸಿಗುವುದು ಕಷ್ಟ.

ಸೊಲ್ಲಾಪುರದಿಂದ

ನಮ್ಮೂರೂ ನಡುದಾರಿಯದ್ದೇ, ಹಾಗಾಗಿ ಕಾಸರಗೋಡಿನವರ ಲೆಕ್ಕ ಇಲ್ಲಿಗೂ ಹೊಂದುತ್ತದೆ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಸೊಲ್ಲಾಪುರ, ಅಹಮದ್‌ನಗರ ದಾಟಿ ಮನ್ಮಾಡ್ ಸೇರುತ್ತದೆ. ನಿಮ್ಮ ಮಂಗಳಾ ಪನ್ವೇಲ್, ಕಲ್ಯಾಣ್, ನಾಸಿಕ್ ದಾಟಿ ಅದೇ ಮನ್ಮಾಡಿಗೆ ಬರುತ್ತದೆ. ಅಲ್ಲಿಂದ ಭೂಸಾವಲ್, ಖಂಡ್ವಾ, ಇಟಾರ್ಸಿ, ಭೋಪಾಲ್, ಝಾನ್ಸಿ, ಎರಡಕ್ಕೂ ಒಂದೇ ಹಳಿ. ಕಲ್ಯಾಣ್ ಬಿಟ್ಟ ಮೇಲೆ ಕಸಾರಾದಲ್ಲಿ ಗಾಡಿ ನಿಂತು ಹಿಂದಿನಿಂದ ಎಂಜಿನ್ ಜೋಡಿಸುತ್ತಾರೆ. ಅಲ್ಲಿಂದ ಇಗತ್‌ಪುರಿಗೆ 37 ಅಡಿಗೆ 1 ಅಡಿಯ ಏರು, ಮುಂದಿನ ಎಂಜಿನ್ ಒಂದೇ ಎಳೆದರೆ ಸಾಲದು. ಗಾಡಿ ಕೆಟ್ಟಿತೆಂದು ಗಾಬರಿಯಾಗಬೇಡಿ.

ಡಿಸೆಂಬರಿನಲ್ಲಿ ಚಳಿ ಶುರುವಾಗುವುದು ಇಟಾರ್ಸಿ, ಭೋಪಾಲ್ ದಾಟಿದ ಮೇಲೆ. ಸ್ಲೀಪರಿನ ಕಿಟಕಿ ಎಷ್ಟು ಮುಚ್ಚಿದರೂ ಸಂದಿಯಿಂದ ಗಾಳಿ ಕೊರೆಯುತ್ತದೆ. ಕರಾವಳಿಯ ಹೊದಿಕೆ ಅಲ್ಲಿ ಸಾಲದು. ದಪ್ಪ ಕಂಬಳಿ, ಉಣ್ಣೆಯ ಟೋಪಿ, ಕಾಲುಚೀಲ ಎರಡು ಜೊತೆ, ಕಿಟಕಿ ಸಂದಿಗೆ ತುರುಕಲು ಹಳೆಯ ಪತ್ರಿಕೆ. ಇವನ್ನು ಬ್ಯಾಗಿನ ಮೇಲೆಯೇ ಇಡಿ, ನಡುರಾತ್ರಿ ಸರಪಳಿ ಬಿಚ್ಚಿ ಹುಡುಕುವಂತಾಗಬಾರದು.

ಚಂದ್ರಗಿರಿ ಸೇತುವೆ

ಮಂಜಿನ ವಿಷಯವನ್ನು ಹಗುರ ಮಾಡಬೇಡಿ. ಡಿಸೆಂಬರ್, ಜನವರಿಯಲ್ಲಿ ಝಾನ್ಸಿಯಿಂದ ಆಚೆ ಐದಾರು ಗಂಟೆ ತಡ ಎಂದರೆ ವಿಶೇಷವೇ ಅಲ್ಲ. ಸಿಗ್ನಲ್ ಕಾಣದೆ ಡ್ರೈವರ್ ವೇಗ ಇಳಿಸಬೇಕು, ಒಂದು ಗಾಡಿ ನಿಂತರೆ ಹಿಂದಿನವೆಲ್ಲ ನಿಲ್ಲುತ್ತವೆ. ದೆಹಲಿಯಿಂದ ಜಮ್ಮುವಿನ ಗಾಡಿಯನ್ನು ಅದೇ ಸಂಜೆಗೆ ಬುಕ್ ಮಾಡುವುದು ಅಪಾಯ. ಒಂದು ರಾತ್ರಿ ದೆಹಲಿಯಲ್ಲಿ ನಿಲ್ಲುವ ಲೆಕ್ಕ ಹಾಕಿ. ಪಿಎನ್‌ಆರ್ ಇದ್ದವರಿಗೆ ಸ್ಟೇಷನ್ನಿನ ರಿಟೈರಿಂಗ್ ರೂಮ್ ಆನ್‌ಲೈನಿನಲ್ಲೇ ಸಿಗುತ್ತದೆ, ಮುಂಚೆ ತೆಗೆದಿಡಬೇಕು.

ಅದೇ ದಿನ ಹೋಗಲೇಬೇಕಾದರೆ ಎರಡು ಪಿಎನ್‌ಆರ್‌ಗಳನ್ನು ಜೋಡಿಸಿ. 2019ರ ಏಪ್ರಿಲ್‌ನಿಂದ ಈ ಸೌಲಭ್ಯ ಉಂಟು. ಹೆಸರು, ವಯಸ್ಸು ಎರಡರಲ್ಲೂ ಅಕ್ಷರಶಃ ಒಂದೇ ಇರಬೇಕು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯದರ ಹಣ ಕ್ಯಾನ್ಸಲೇಷನ್ ಕಡಿತವಿಲ್ಲದೆ ಬರುತ್ತದೆ. ಮೊದಲ ಗಾಡಿ ತಲುಪಿದ 3 ಗಂಟೆಯೊಳಗೆ ಟಿಡಿಆರ್ (ಹಣ ವಾಪಸ್ ಕೇಳುವ ಅರ್ಜಿ) ಹಾಕಬೇಕು. ಹಣ ಬಂದೀತು, ಬದಲಿ ಸೀಟು ಮಾತ್ರ ಯಾರೂ ಕೊಡುವುದಿಲ್ಲ. ಇನ್ನೊಂದು ನಿಯಮ: ನೀವು ಹತ್ತುವ ಸ್ಟೇಷನ್‌ಗೇ ಗಾಡಿ 3 ಗಂಟೆಗಿಂತ ಹೆಚ್ಚು ತಡವಾಗಿ ಬರುವುದಾದರೆ, ಹೋಗದೆ ಪೂರ್ತಿ ಹಣ ವಾಪಸ್ ಕೇಳಬಹುದು. ಆಗ ಟಿಡಿಆರನ್ನು ಗಾಡಿ ಅಲ್ಲಿಂದ ಹೊರಡುವ ಮುಂಚೆ ಹಾಕಬೇಕು.

ಗಾಡಿ ಬದಲಿಸುವುದೇ ಬೇಡ ಎಂದರೆ ನವಯುಗ ಎಕ್ಸ್‌ಪ್ರೆಸ್ ನೋಡಿ. ವಾರಕ್ಕೊಮ್ಮೆ ಮಂಗಳೂರು ಸೆಂಟ್ರಲ್‌ನಿಂದ ಜಮ್ಮು ದಾಟಿ ಕಟ್ರಾಕ್ಕೆ. ಕಾಸರಗೋಡಿನಲ್ಲಿ ಹತ್ತಿದರೆ ಉತ್ತರಕ್ಕಲ್ಲ, ಮೊದಲು ದಕ್ಷಿಣಕ್ಕೆ ಹೋಗುತ್ತದೆ. ಶೋರನೂರು, ಪಾಲಕ್ಕಾಡ್, ಕೊಯಮತ್ತೂರು, ವಿಜಯವಾಡ, ನಾಗ್ಪುರ, ದೆಹಲಿ. ಪ್ಲಾಟ್‌ಫಾರ್ಮ್ ಬೇರೆ, ಅದನ್ನು ನೋಡಿಕೊಳ್ಳಿ. ಮೂರು ರಾತ್ರಿ ಗಾಡಿಯಲ್ಲೇ. ಮಂಗಳೂರಿನಲ್ಲಿ ಹುಟ್ಟುವ ಗಾಡಿಯಾದ್ದರಿಂದ ಟಿಕೆಟನ್ನು ಮಂಗಳೂರು ಸೆಂಟ್ರಲ್‌ನಿಂದ ತೆಗೆದು ಬೋರ್ಡಿಂಗ್ ಕಾಸರಗೋಡು ಮಾಡಿದರೆ ಜನರಲ್ ಕೋಟಾ ಸಿಗುತ್ತದೆ. ಹೆಚ್ಚುವರಿ ದೂರ 46 ಕಿಲೋಮೀಟರ್ ಮಾತ್ರ. ಕಟ್ರಾದಿಂದ ಶ್ರೀನಗರಕ್ಕೆ 2025ರ ಜೂನ್‌ನಿಂದ ವಂದೇ ಭಾರತ್ ಓಡುತ್ತಿದೆ, 359 ಮೀಟರ್ ಎತ್ತರದ ಚಿನಾಬ್ ಸೇತುವೆ ಆ ದಾರಿಯಲ್ಲೇ.

ಬೇಕಲದ ಗಾಳಿ

ನವಯುಗಕ್ಕಿಂತ ಮಂಗಳಾವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮೊದಲ ಸಲ ಹೋಗುವವರಿಗೆ ಒಂದೇ ಸಲ ಮೂರು ರಾತ್ರಿ ಸ್ಲೀಪರ್ ಹೆಚ್ಚಾಯಿತು. ಎರಡು ರಾತ್ರಿ ಕಳೆದು ದೆಹಲಿಯಲ್ಲಿ ಸ್ನಾನ, ನಿದ್ದೆ ಮುಗಿಸಿ ಮುಂದೆ ಹೋದರೆ ಮೈ ಹಗುರ.

ಮಳೆಗಾಲದಲ್ಲಿ ಹೋಗುವವರು ಇದನ್ನು ಓದುತ್ತಿದ್ದರೆ: ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿ ಬೇರೆ. 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ರ ತನಕ ಇತ್ತು. ಗುಡ್ಡ ಕಡಿದು ಹಾಕಿದ ಹಳಿಯ ಮೇಲೆ ಮಣ್ಣು ಜರಿಯುವ ಭಯಕ್ಕೆ ವೇಗ ಇಳಿಸುತ್ತಾರೆ, ಮಳೆ ಜೋರಾದರೆ ಗಂಟೆಗೆ 40 ಕಿಲೋಮೀಟರ್. ಅದನ್ನು ಸರಿದೂಗಿಸಲು ಉತ್ತರಕ್ಕೆ ಹೋಗುವ ಗಾಡಿಗಳು ಇಲ್ಲಿಂದ ಎರಡು ಮೂರು ಗಂಟೆ ಮುಂಚೆಯೇ ಹೊರಡುತ್ತವೆ. ಮೇ ತಿಂಗಳ ಸಮಯ ನೆನಪಿಟ್ಟು ಜುಲೈಯಲ್ಲಿ ಸ್ಟೇಷನ್‌ಗೆ ಬಂದವರಿಗೆ ಗಾಡಿ ಸಿಗುವುದಿಲ್ಲ. ಟಿಕೆಟಿನ ಸಮಯವನ್ನೂ ಹಿಂದಿನ ದಿನ ಆ್ಯಪಿನ ಸಮಯವನ್ನೂ ತಾಳೆ ನೋಡಿ.

ಗಣೇಶ ಚೌತಿಯ ವಾರ ಮುಂಬಯಿ ಕಡೆಯಿಂದ ಕೊಂಕಣಕ್ಕೆ ಬರುವ ಗಾಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನೇತ್ರಾವತಿ ಎಕ್ಸ್‌ಪ್ರೆಸ್‌ನಲ್ಲಿ ವಾಪಸ್ ಬರುವವರು ಆ ವಾರ ತಪ್ಪಿಸಿ.

ಪಯಸ್ವಿನಿ

ಎಲ್ಲರಿಗೂ ಧನ್ಯವಾದ. ಲೇಡೀಸ್ ಕೋಟಾದ ವಿಷಯ ಗೊತ್ತೇ ಇರಲಿಲ್ಲ ಅಕ್ಕ. ಕೊನೆಯ ಪ್ರಶ್ನೆ: ವಾಪಸ್ ಬರುವಾಗ ಮಂಗಳಾ ಕಾಸರಗೋಡಿಗೆ ರಾತ್ರಿ ಹೊತ್ತು ಬರುವುದಲ್ಲವಾ, ನಿದ್ದೆಯಲ್ಲಿ ಕಣ್ಣೂರಿಗೆ ಹೋಗದಂತೆ ಏನು ಮಾಡಬೇಕು?

ಉಪ್ಪಳ ಗೇಟ್

139ಕ್ಕೆ ಕರೆ ಮಾಡಿ ಡೆಸ್ಟಿನೇಷನ್ ಅಲರ್ಟ್ ಹಾಕಿಸಬಹುದು, ಪಿಎನ್‌ಆರ್ ಕೊಟ್ಟರೆ ಸ್ಟೇಷನ್ ಹತ್ತಿರ ಬರುವಾಗ ಫೋನ್ ಮಾಡಿ ಎಬ್ಬಿಸುತ್ತಾರೆ. ಅದೊಂದನ್ನೇ ನಂಬಬೇಡಿ. ಫೋನಿನಲ್ಲಿ ಗಂಟೆಯ ಅಲಾರಂ ಇಟ್ಟರೂ ತಡವಾದ ಗಾಡಿಗೆ ಅದು ಉಪಯೋಗವಿಲ್ಲ. ಗಾಡಿ ಎಲ್ಲಿದೆ ಎಂದು ಉಡುಪಿಯ ಹತ್ತಿರ ಒಮ್ಮೆ ನೋಡಿ, ಅಲ್ಲಿಂದ ಲೆಕ್ಕ ಹಾಕಿ ಅಲಾರಂ ಬದಲಿಸಿ. ವಾಪಸ್ ಟಿಕೆಟ್ ಕಾಸರಗೋಡಿಗೆ ಸಿಗದೆ ಎರ್ನಾಕುಳಂ ತನಕ ತೆಗೆದಿದ್ದರೆ ಮೊದಲೇ ಇಳಿಯಬಹುದು, ಅದಕ್ಕೆ ಯಾರ ಅನುಮತಿಯೂ ಬೇಡ. ಆದರೆ ಅಲರ್ಟ್ ಟಿಕೆಟಿನಲ್ಲಿರುವ ಸ್ಟೇಷನ್‌ಗೆ ಬರುವುದರಿಂದ ಆಗ 139 ನಿಮಗೆ ಸಹಾಯ ಆಗದು, ಸ್ವಂತ ಅಲಾರಂ ಬೇಕೇ ಬೇಕು.

ಮಂಗಳೂರು ಜಂಕ್ಷನ್ ಬಂದಾಗ ಎದ್ದು ಕುಳಿತು ಸರಪಳಿ ಬಿಚ್ಚಿ. ನೇತ್ರಾವತಿ ಸೇತುವೆ ದಾಟಿದ ಮೇಲೆ ಎಕ್ಸ್‌ಪ್ರೆಸ್‌ಗಳು ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ನಿಲ್ಲದೆ ಬರುವುದೇ ಹೆಚ್ಚು, ಮುಕ್ಕಾಲು ಗಂಟೆಯ ದಾರಿ. ಕುಂಬಳೆಯ ಬೋರ್ಡ್ ಕಂಡ ಕೂಡಲೇ ಬ್ಯಾಗು ಹಿಡಿದು ಬಾಗಿಲ ಹತ್ತಿರ ಬನ್ನಿ, ರಾತ್ರಿ ಆ ದಾರಿಯಲ್ಲಿ ಕಾಲು ಚಾಚಿ ಮಲಗಿದವರು ಇರುತ್ತಾರೆ. ಸ್ಟೇಷನ್ನಿನ ಹೊರಗೆ ಆಟೋ ಸಿಗುತ್ತದೆ. ಮಧೂರು, ಚೆರ್ಕಳ ಆಚೆಗೆ ಹೋಗಬೇಕಾದರೆ ಮನೆಯವರು ಬರಲಿ, ಅಥವಾ ಬೆಳಿಗ್ಗೆಯ ಮೊದಲ ಬಸ್ಸಿನ ತನಕ ವೇಟಿಂಗ್ ರೂಮಿನಲ್ಲಿ ಕೂತಿರಿ. ಟಿಕೆಟ್ ಫೋನಿನಿಂದ ಅಳಿಸಬೇಡಿ, ಅಲ್ಲಿ ಕೂರಲು ಅದನ್ನೇ ಕೇಳುವುದು.